ಮಿಯಾಟಾ ಏರ್ ಸಸ್ಪೆನ್ಷನ್: ತಿರುವಿನಲ್ಲಿ ವಾಲುತ್ತದೆ, ಮುಂಭಾಗ ಕುಣಿಯುತ್ತದೆ. ಏನೇನು ಬದಲಿಸಲಿ?

ಮಿಶಿಗನ್‌_ಮಿಯಾಟಾ:
ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಹತ್ತಿರ ಇದ್ದೇನೆ. 2001ರ ಮಜ್ದಾ ಮಿಯಾಟಾ (ಎರಡು ಸೀಟಿನ ಸಣ್ಣ ಕಾರು) ತಗೊಂಡೆ, ಎನ್‌ಬಿ ಅಂದ್ರೆ ಎರಡನೇ ತಲೆಮಾರಿನ ಮಾಡೆಲ್. ಹಿಂದಿನ ಮಾಲೀಕರು ಏರ್ ಸಸ್ಪೆನ್ಷನ್, ಅಂದ್ರೆ ಸ್ಪ್ರಿಂಗ್ ಬದಲು ಗಾಳಿ ತುಂಬುವ ಬ್ಯಾಗ್, ಹಾಕಿಸಿದ್ದರು. ನಾಲ್ಕೂ ಕಡೆ 6 ಇಂಚಿನ ಡಬಲ್ ಬೆಲ್ಲೋ ಬ್ಯಾಗ್ (ಎರಡು ಮಡಿಕೆಯದು), 5 ಗ್ಯಾಲನ್ ಟ್ಯಾಂಕ್, ಎರಡು ಕಂಪ್ರೆಸರ್, 3/8 ಇಂಚಿನ ಪೈಪು. ಸ್ವಿಚ್ ಎರಡೇ: ಮುಂದಕ್ಕೊಂದು, ಹಿಂದಕ್ಕೊಂದು.

ಮೂರು ತೊಂದರೆ ಇದೆ. ತಿರುವಿನಲ್ಲಿ ಗಾಡಿ ಸಿಕ್ಕಾಪಟ್ಟೆ ವಾಲುತ್ತದೆ. ಮುಂದಿನ ಬ್ಯಾಗ್‌ನಲ್ಲಿ 30 ಪಿಎಸ್‌ಐ ಇಟ್ಟರೆ ಎತ್ತರ ಸರಿ ಇರುತ್ತದೆ, ಆದರೆ ಸಣ್ಣ ಗುಂಡಿಗೂ ಕುಣಿಯುತ್ತದೆ. ಬೆಳಗ್ಗೆ ನೋಡಿದರೆ ಮುಂಭಾಗ ಕೆಳಗೆ ಕೂತಿರುತ್ತದೆ. ಇನ್ನೂ ದೊಡ್ಡ ಕಂಪ್ರೆಸರ್ ಹಾಕಿದರೆ ಸರಿ ಹೋಗುತ್ತದಾ? ಶೋಗೆ ನಿಲ್ಲಿಸುವ ಗಾಡಿ ಅಲ್ಲ, ವಾರಾಂತ್ಯದಲ್ಲಿ ಚೆನ್ನಾಗಿ ಓಡಿಸಬೇಕು.

ಗಾಳಿಚೀಲ:
ಕಂಪ್ರೆಸರ್ ಮುಟ್ಟಲೇಬೇಡಿ ಸರ್. ಅದು ಟ್ಯಾಂಕ್ ತುಂಬುತ್ತದೆ, ಅಷ್ಟೇ. ಗಾಡಿ ಹೇಗೆ ಓಡುತ್ತದೆ ಅನ್ನೋದು ಬ್ಯಾಗ್, ಷಾಕ್ ಅಬ್ಸಾರ್ಬರ್, ಗಾಳಿ ಬಿಡುವ ವಾಲ್ವ್ ಮೂರರ ಕೈಲಿದೆ. ಜನ ಡಿಕ್ಕಿಯಲ್ಲಿ ಕಾಣೋ ಸಾಮಾನಿಗೆ ದುಡ್ಡು ಸುರಿದು, ಚಕ್ರದ ಹತ್ತಿರ ಇರೋದನ್ನು ಮರೆಯುತ್ತಾರೆ.

ಮೊದಲು ವಾಲುವ ವಿಷಯ. ಮುಂದಕ್ಕೆ ಒಂದೇ ಸ್ವಿಚ್ ಅಂದ್ರೆ ಎಡ, ಬಲ ಬ್ಯಾಗ್‌ಗಳು ಒಂದೇ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸೇರಿರುವ ಸಾಧ್ಯತೆ ಜಾಸ್ತಿ. ಬಲಕ್ಕೆ ತಿರುಗಿದಾಗ ಎಡ ಬ್ಯಾಗ್ ಮೇಲೆ ಭಾರ ಬೀಳುತ್ತದೆ. ಅದರ ಗಾಳಿ ಪೈಪಿನಲ್ಲಿ ಹಾದು ಬಲ ಬ್ಯಾಗ್‌ಗೆ ನುಗ್ಗುತ್ತದೆ. ಎಡ ಕುಸಿಯುತ್ತದೆ, ಬಲ ಏಳುತ್ತದೆ. ನಿಮ್ಮ ಪೈಪು ದಪ್ಪ ಬೇರೆ, ಗಾಳಿ ಇನ್ನೂ ಬೇಗ ಓಡುತ್ತದೆ. ಆಂಟಿ-ರೋಲ್ ಬಾರ್ (ವಾಲೋದನ್ನು ತಡೆಯುವ ಕಂಬಿ) ದಪ್ಪ ಮಾಡಿದರೆ ಸ್ವಲ್ಪ ಮುಚ್ಚಿಹೋಗುತ್ತದೆ, ಆದರೆ ಕಾಯಿಲೆ ಹೋಗಲ್ಲ. ನಾಲ್ಕೂ ಮೂಲೆಗೆ ಬೇರೆ ಬೇರೆ ವಾಲ್ವ್ ಬೇಕೇ ಬೇಕು.

ಈಗ ಬ್ಯಾಗ್. ಈ ಗಾಡಿಯ ತೂಕ ಹತ್ತಿರ ಹತ್ತಿರ 1,050 ಕೆಜಿ. ಚಕ್ರ, ಬ್ರೇಕ್ ತೂಕ ಕಳೆದರೆ ಮುಂದಿನ ಒಂದೊಂದು ಮೂಲೆ ಹೊರೋದು ಅಂದಾಜು 235 ಕೆಜಿ. ವಿಷ್‌ಬೋನ್‌ನಲ್ಲಿ (ಚಕ್ರವನ್ನು ಹಿಡಿದಿರುವ ತೋಳು) ಸ್ಪ್ರಿಂಗ್ ಒಳಗಡೆ ಕೂರುವುದರಿಂದ ಅದರ ಮೇಲೆ ಬೀಳೋ ಬಲ ಸುಮಾರು ಒಂದೂವರೆ ಪಟ್ಟು, ಅಂದ್ರೆ 353 ಕೆಜಿ, ಪೌಂಡಿನಲ್ಲಿ 780. ನಿಮ್ಮ ಬ್ಯಾಗ್‌ನ ಪರಿಣಾಮಕಾರಿ ವಿಸ್ತೀರ್ಣ (ಗಾಳಿ ಒತ್ತುವ ಜಾಗ) 26 ಚದರ ಇಂಚು ಅಂತ ಹಿಡಿದರೆ 30 ಪಿಎಸ್‌ಐ ಬರುತ್ತದೆ. ನಿಮ್ಮ ಗೇಜ್ ಹೇಳೋದೂ ಅದನ್ನೇ. 16 ಚದರ ಇಂಚಿನ ಸ್ಲೀವ್ ಬ್ಯಾಗ್ (ಕೊಳವೆಯಂಥದ್ದು) ಆದರೆ 49 ಪಿಎಸ್‌ಐ.

ಒತ್ತಡ ಕಮ್ಮಿ ಇದ್ದರೆ ಮೆತ್ತಗಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದೇ ಭಾರ, ಅದೇ ಎತ್ತರದ ಗಾಳಿ ಇದ್ದರೆ ದೊಡ್ಡ ಬ್ಯಾಗೇ ಸ್ವಲ್ಪ ಗಟ್ಟಿ, ಯಾಕಂದ್ರೆ ಹೊರಗಿನ ವಾತಾವರಣದ 14.7 ಪಿಎಸ್‌ಐ ಕೂಡ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಡಬಲ್ ಬೆಲ್ಲೋ ಕುಗ್ಗಿದಷ್ಟೂ ಅಗಲವಾಗುತ್ತದೆ, ಗಟ್ಟಿತನ ಇನ್ನೂ ಏರುತ್ತದೆ. ಕಂಪನಿ ಸ್ಪ್ರಿಂಗ್‌ಗೆ ಹೊಂದಿಸಿದ ಷಾಕ್ ಇದನ್ನು ತಡೆಯಲ್ಲ. ಕುಣಿತ ಅಲ್ಲಿಂದ ಬರುತ್ತದೆ. ಯಾವ ಷಾಕ್ ಇದೆ ನೋಡಿ ಹೇಳಿ.

ಬೆಳಗ್ಗೆ ಮುಂಭಾಗ ಇಳಿದಿರೋದಕ್ಕೆ ಎಲ್ಲಿ ಸೋರುತ್ತಿದೆ ಅಂತ ಸೋಪು ನೀರು ಹಾಕಿ ನೋಡಿ, ಸೋರುವ ಕಡೆ ಗುಳ್ಳೆ ಬರುತ್ತದೆ. ಒಂದು ಕಡೆ ಮಾತ್ರ ಕೂತಿದೆಯಾ, ಎರಡೂ ಕಡೆಯಾ?

ಮಿಶಿಗನ್‌_ಮಿಯಾಟಾ:
ಟೀ ಇದೆ ಸರ್, ರೇಡಿಯೇಟರ್ ಹಿಂದೆ ಸಿಕ್ಕಿತು. ಷಾಕ್ ಸಾದಾ, ಅಡ್ಜಸ್ಟ್ ಆಗೋದಲ್ಲ. ಎರಡೂ ಕಡೆ ಸಮವಾಗಿ ಇಳಿಯುತ್ತದೆ. ಎಡ ಬ್ಯಾಗ್‌ನ ಎಲ್ಬೋದಲ್ಲಿ (ಬಾಗಿದ ಫಿಟಿಂಗ್) ಗುಳ್ಳೆ ಬಂತು.

ಗಾಳಿಚೀಲ:
ಟೀ ಇರೋವಾಗ ಒಂದು ಕಡೆ ಸೋರಿದರೂ ಎರಡೂ ಕಡೆ ಇಳಿಯುತ್ತದೆ. ಪೈಪನ್ನು ಟ್ಯೂಬ್ ಕಟರ್‌ನಿಂದ ನೇರವಾಗಿ ಕತ್ತರಿಸಿ ಮತ್ತೆ ಒತ್ತಿ. ಓರೆ ಕತ್ತರಿಸಿದ ಪೈಪು, ಒತ್ತಿ ಕೂರಿಸುವ ಪುಷ್ ಫಿಟಿಂಗ್‌ನಲ್ಲಿ ಕೂರಲ್ಲ. ಥ್ರೆಡ್‌ಗೆ ಟೇಪ್ ಬದಲು ದ್ರವ ಸೀಲಂಟ್ ಹಚ್ಚಿ, ಟೇಪಿನ ಚೂರು ಒಳಗೆ ಹೋದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಇಷ್ಟಾದ ಮೇಲೂ ಚಳಿಯ ಬೆಳಗ್ಗೆ ಸ್ವಲ್ಪ ಇಳಿಯುತ್ತದೆ. ಸಂಜೆ 20 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಗ್ಗೆ 0 ಆದರೆ ಗಾಳಿಯೇ ಸುಮಾರು ಶೇ. 7ರಷ್ಟು ಕುಗ್ಗುತ್ತದೆ.

ನಾನಾದರೆ ಹೀಗೆ ಆರಿಸುತ್ತೇನೆ: ಸಣ್ಣ ಸ್ಲೀವ್ ಬ್ಯಾಗ್, ಅದರೊಳಗೇ ಅಡ್ಜಸ್ಟ್ ಆಗುವ ಷಾಕ್, 1/4 ಇಂಚಿನ ಪೈಪು, 3 ಗ್ಯಾಲನ್ ಟ್ಯಾಂಕ್, ಒಂದೇ ಕಂಪ್ರೆಸರ್. ಹಗುರ ಗಾಡಿಗೆ ದಪ್ಪ ಪೈಪು ಹಾಕಿದರೆ ಒಂದು ಸಲ ಸ್ವಿಚ್ ಮುಟ್ಟಿದರೂ ಎತ್ತರ ಜಾಸ್ತಿ ಆಗಿಬಿಡುತ್ತದೆ. ಈ ಗಾಡಿಯ ಬ್ಯಾಟರಿ ಕೂಡ ಡಿಕ್ಕಿಯಲ್ಲೇ ಇದೆ, ಜಾಗ ಉಳಿದಷ್ಟೂ ಒಳ್ಳೆಯದು.

ಮಿಶಿಗನ್‌_ಮಿಯಾಟಾ:
ಬ್ಯಾಗ್‌ಗಳ ಗಾಳಿ ನಿಯಂತ್ರಿಸೋಕೆ ಏರ್ ಲಿಫ್ಟ್ ಕಂಪನಿಯ ಕಂಟ್ರೋಲರ್ 3ಪಿ ತಗೊಳ್ಳಲಾ, 3ಎಚ್ ತಗೊಳ್ಳಲಾ?

ಗಾಳಿಚೀಲ:
3ಎಚ್. 3ಪಿ ಒತ್ತಡ ಮಾತ್ರ ನೋಡುತ್ತದೆ. ಪಕ್ಕದ ಸೀಟಿನಲ್ಲಿ 75 ಕೆಜಿಯವರು ಕೂತರೆ ಒತ್ತಡ ಅಷ್ಟೇ ಇಟ್ಟು, ಆ ಕಡೆ ಕೆಳಗೆ ಬಿಡುತ್ತದೆ. ದೊಡ್ಡ ಕಾರಿಗೆ ಅದು ಗೊತ್ತಾಗಲ್ಲ, ಎರಡು ಸೀಟಿನ ಹಗುರ ಗಾಡಿಗೆ ಗೊತ್ತಾಗುತ್ತದೆ. 3ಎಚ್ ಎತ್ತರವನ್ನೂ ಅಳೆಯುತ್ತದೆ. ಅದರ ಸೆನ್ಸರ್ ಕಡ್ಡಿಗಳು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ತಾಗದಂತೆ ಕೂರಿಸಬೇಕು.

ಕಾಯಿಲೋವರ್‌_ಕಿಟ್ಟಿ:
ಇಷ್ಟೆಲ್ಲ ಯಾಕೆ? ಕಾಯಿಲೋವರ್ (ಸ್ಪ್ರಿಂಗ್ ಸುತ್ತಿದ ಷಾಕ್) ಹಾಕಿ ಸುಮ್ನೆ ಇರಬಹುದಲ್ವಾ?

ಗಾಳಿಚೀಲ:
ಟ್ರ್ಯಾಕ್‌ಗೆ ಹೋಗೋದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರು ಓಡಿಸೋದು ಮಿಶಿಗನ್ ರಸ್ತೆಯಲ್ಲಿ. ಗುಂಡಿ ಕಂಡಾಗ ಎತ್ತರಿಸಿಕೊಳ್ಳಬಹುದು ಅನ್ನೋದು ಸಣ್ಣ ಲಾಭ ಅಲ್ಲ.

ಇನ್ನೊಂದು ಮಾತು. ಮಿಯಾಟಾದಲ್ಲಿ ಮುಂದಿನ ಷಾಕ್ ಮೇಲಿನ ವಿಷ್‌ಬೋನ್ ಮಧ್ಯದಿಂದ ಹಾದುಹೋಗುತ್ತದೆ. ಬ್ಯಾಗ್ ಉಬ್ಬಿದಾಗ ಸುತ್ತ ಅರ್ಧ ಇಂಚಾದರೂ ಜಾಗ ಉಳಿಯಬೇಕು. ಉಜ್ಜಿದರೆ ಬ್ಯಾಗ್ ಹರಿಯುತ್ತದೆ. ಚಕ್ರವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಆಡಿಸಿ ನೋಡಿ. ಆಮೇಲೆ ಓಡಿಸುವ ಎತ್ತರದಲ್ಲಿ ನಿಲ್ಲಿಸಿ ಅಲೈನ್‌ಮೆಂಟ್ ಮಾಡಿಸಿ.