ನಂಬಿಕೆಯಿಂದ ನೀತಿವಂತರಾದ ಮೇಲೆ ದಿನದಿನದ ವಿಧೇಯತೆ ಎಂತಕ್ಕೆ?

ಕುಂಬಳೆ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯಲ್ಲಿ ಬುಧವಾರ ಸಂಜೆ ಸತ್ಯವೇದ ಅಧ್ಯಯನ ಉಂಟು, ಕನ್ನಡದಲ್ಲೇ. ಈಗ ರೋಮಾಪುರದವರಿಗೆ ಬರೆದ ಪತ್ರಿಕೆ ನಡೆಯುತ್ತಿದೆ. 3ನೇ ಅಧ್ಯಾಯದ 28ನೇ ವಚನಕ್ಕೆ ಬಂದಾಗ ಮಾತು ಸ್ವಲ್ಪ ಬಿಸಿ ಆಯಿತು. ಮನುಷ್ಯ ದೇವರ ಮುಂದೆ ನೀತಿವಂತ ಅಂತ ತೀರ್ಪು ಪಡೆಯುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದ ಅಲ್ಲ ಅಂತ ಆ ಪತ್ರಿಕೆ ಬರೆದ ಪೌಲ ಹೇಳುತ್ತಾನೆ. ಅದರಲ್ಲಿ ನನಗೆ ತಕರಾರಿಲ್ಲ.

ನನ್ನ ತಲೆಬಿಸಿ ಬೇರೆ. ನಮ್ಮ ಸಂಬಂಧಿಕರೊಬ್ಬರು ಇದ್ದಾರೆ, ಅಡಿಕೆ ತೋಟದ ಕೆಲಸದವರ ಕೂಲಿ ಬಾಕಿ ಇಟ್ಟುಕೊಂಡೇ ಇರುತ್ತಾರೆ, ಭಾನುವಾರ ಸಭೆಯಲ್ಲಿ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಮಾತ್ರ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾರೆ. ಕೂಲಿ ವಿಷಯ ತೆಗೆದರೆ "ನಾನು ಕೃಪೆಯಿಂದ ರಕ್ಷಣೆ ಪಡೆದವ, ಕ್ರಿಯೆಯ ಲೆಕ್ಕ ನನ್ನ ಹತ್ತಿರ ಕೇಳಬೇಡಿ" ಅನ್ನುತ್ತಾರೆ. ಇನ್ನೊಂದು ಕಡೆ ನನ್ನ ಅಮ್ಮ. ಪಾಪ, ಅವರದ್ದು ಉಲ್ಟಾ. ಪಕ್ಕದ ಮನೆಯವರ ಮೇಲೆ ರೇಗಿದರೆ, ಒಂದು ಹೊತ್ತು ಪ್ರಾರ್ಥನೆ ತಪ್ಪಿದರೆ, ರಾತ್ರಿ ನಿದ್ದೆ ಇಲ್ಲ. ದೇವರು ನನ್ನನ್ನು ಕೈಬಿಟ್ಟಿರಬಹುದಾ ಅಂತ ಕೇಳುತ್ತಾರೆ.

ಒಂದೇ ಸಭೆ, ಒಂದೇ ವಚನ. ಒಬ್ಬರಿಗೆ ಹೆದರಿಕೆಯೇ ಇಲ್ಲ, ಇನ್ನೊಬ್ಬರಿಗೆ ನೆಮ್ಮದಿಯೇ ಇಲ್ಲ. ಇಬ್ಬರಿಗೂ ಎಂತ ಹೇಳುವುದು? ಸುಮ್ನೆ "ಸಮತೋಲನ ಬೇಕು" ಅಂತ ಉತ್ತರ ಕೊಡಬೇಡಿ, ಅದು ಈಗಾಗಲೇ ಸಿಕ್ಕಿದೆ.

ಮಂಜೇಶ್ವರ_ಮೇಷ್ಟ್ರು:

ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ಅಬ್ರಹಾಮನಿಂದ ಶುರು ಮಾಡುತ್ತೇನೆ, ಯಾಕಂದ್ರೆ ಪೌಲನೂ, ಹೊಸ ಒಡಂಬಡಿಕೆಯ ಇನ್ನೊಂದು ಪತ್ರಿಕೆ ಬರೆದ ಯಾಕೋಬನೂ ಇಬ್ಬರೂ ಹಿಡಿಯುವುದು ಅವನನ್ನೇ.

ಆದಿಕಾಂಡ 15ರಲ್ಲಿ ದೇವರು ನಕ್ಷತ್ರ ತೋರಿಸಿ ಮಾತು ಕೊಡುತ್ತಾನೆ, ಅಬ್ರಹಾಮ ನಂಬುತ್ತಾನೆ, ಅದನ್ನೇ ದೇವರು ಅವನ ಪಾಲಿಗೆ ನೀತಿ ಅಂತ ಎಣಿಸುತ್ತಾನೆ. ಸುನ್ನತಿ ಬರುವುದು 17ನೇ ಅಧ್ಯಾಯದಲ್ಲಿ, ಆಗ ಅವನಿಗೆ 99 ವರ್ಷ. ದೇವರ ಮಾತಿಗೆ ಮಗ ಇಸಾಕನನ್ನು ಬಲಿಯಾಗಿ ಅರ್ಪಿಸಲು ಹೊರಡುವುದು 22ರಲ್ಲಿ. ಈ ಕ್ರಮ ಗಮನಿಸಿ. ರೋಮಾಪುರದ ಪತ್ರಿಕೆ 4ರಲ್ಲಿ ಪೌಲ ಕೇಳುವುದೂ ಅದನ್ನೇ: ನೀತಿವಂತ ಅಂತ ಎಣಿಸಿದ್ದು ಸುನ್ನತಿಗೆ ಮೊದಲಾ, ಆಮೇಲಾ? ಮೊದಲು. ಅಂದ್ರೆ ಅಬ್ರಹಾಮ ಏನನ್ನೂ ಸಂಪಾದಿಸಿಕೊಳ್ಳಲಿಲ್ಲ. ಯಾಕೋಬ ತನ್ನ 2ನೇ ಅಧ್ಯಾಯದಲ್ಲಿ ನೋಡುವುದು ಇಸಾಕನ ಘಟನೆಯನ್ನು. ಅಷ್ಟು ವರ್ಷ ಹಿಂದೆ ನಂಬಿದ್ದು ಖಾಲಿ ಮಾತಾಗಿರಲಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಪೌಲ ಬಾಗಿಲ ಹತ್ತಿರ ನಿಂತವನಿಗೆ ಹೇಳುತ್ತಿದ್ದಾನೆ, ಯಾಕೋಬ ಒಳಗೆ ಬಂದು ಕೂತವನಿಗೆ.

ನಿಮ್ಮ ಸಂಬಂಧಿಕರು ರೋಮಾಪುರದ ಪತ್ರಿಕೆಯನ್ನು 3ಕ್ಕೆ ನಿಲ್ಲಿಸಿದ್ದಾರೆ ಅಂತ ಕಾಣುತ್ತದೆ. 6ಕ್ಕೆ ಬನ್ನಿ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವಾ ಅಂತ ಪೌಲನೇ ಕೇಳಿ, ಎಂದಿಗೂ ಇಲ್ಲ ಅನ್ನುತ್ತಾನೆ. ಅಂದ್ರೆ ಈ ವಾದ ಅವನ ಕಿವಿಗೂ ಬಿದ್ದಿತ್ತು.

ನಾನು ಶಾಲೆಯ ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟು: ದತ್ತು ತಂದ ಮಗುವಿನ ಹೆಸರು ಮೊದಲು ರೇಷನ್ ಕಾರ್ಡಿಗೆ ಸೇರುತ್ತದೆ. ಮನೆ ಕೆಲಸ ಕಲಿಯುವುದು ಆಮೇಲೆ. ಒಂದು ದಿನ ಪಾತ್ರೆ ತೊಳೆಯಲಿಲ್ಲ ಅಂತ ಯಾರೂ ತಾಲೂಕು ಕಚೇರಿಗೆ ಹೋಗಿ ಹೆಸರು ತೆಗೆಸುವುದಿಲ್ಲ. ಪ್ರೊಟೆಸ್ಟಂಟರ 1563ರ ಹೈಡೆಲ್‌ಬರ್ಗ್ ಧರ್ಮಪ್ರಶ್ನೋತ್ತರದಲ್ಲಿ ಹತ್ತು ಆಜ್ಞೆಗಳ ಪಾಠ ಇರುವುದು ಮೂರನೇ ಭಾಗದಲ್ಲಿ, ಆ ಭಾಗದ ಹೆಸರೇ ಕೃತಜ್ಞತೆ. ರಕ್ಷಣೆಯ ಭಾಗ ಮುಗಿದ ಮೇಲೆ ಬರುತ್ತದೆ. ಆಜ್ಞೆಗಳಿಗೆ ಅದೇ ಸರಿಯಾದ ಜಾಗ ಅಂತ ನನ್ನ ಲೆಕ್ಕ.

ಬೇಳ_ಇಗರ್ಜಿ_ಹತ್ತಿರ:

ಮೇಷ್ಟ್ರೇ, ನಿಮ್ಮ ರೇಷನ್ ಕಾರ್ಡ್ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲು ಆಗುವುದಿಲ್ಲ. ನಾವು ಕಥೋಲಿಕರು, ಮನೆಯಲ್ಲಿ ಕೊಂಕಣಿ, ಊರಲ್ಲಿ ತುಳು, ಕನ್ನಡ, ಮಲಯಾಳ ಎಲ್ಲಾ. ಕ್ಯಾಟೆಕಿಸಂನಲ್ಲಿ ನಾವು ಕಲಿತದ್ದು ಹೆಸರು ಬರೆಸುವುದಷ್ಟೇ ಅಲ್ಲ. ದೇವರು ಯಾರನ್ನು ನೀತಿವಂತ ಅನ್ನುತ್ತಾನೋ ಅವರನ್ನು ಒಳಗಿಂದ ಹಾಗೆ ಮಾಡಲೂ ಶುರು ಮಾಡುತ್ತಾನೆ. 1547ರಲ್ಲಿ ನಮ್ಮ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದ್ದು ಇದನ್ನೇ: ಪಾಪಕ್ಷಮೆಯ ಜೊತೆಗೆ ಒಳಗಿನ ಮನುಷ್ಯನ ನವೀಕರಣವೂ ಸೇರಿದೆ, ಆ ನೀತಿ ಸತ್ಕ್ರಿಯೆಯಲ್ಲಿ ಬೆಳೆಯುತ್ತದೆ, ಮಾರಕ ಪಾಪದಿಂದ ಕಳೆದೂ ಹೋಗಬಹುದು, ಪಾಪನಿವೇದನೆಯಲ್ಲಿ, ಅಂದ್ರೆ ಫಾದರ್ ಹತ್ತಿರ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವುದರಲ್ಲಿ, ಮತ್ತೆ ಸಿಗುತ್ತದೆ.

"ನೀವು ಕ್ರಿಯೆಯಿಂದ ರಕ್ಷಣೆ ಅನ್ನುವವರು" ಅಂತ ನಮಗೆ ಹೇಳುವವರು ಜಾಸ್ತಿ. ಅದು ತಪ್ಪು. ಕ್ರಿಸ್ತನ ಕೃಪೆ ಇಲ್ಲದೆ ಸ್ವಂತ ಕ್ರಿಯೆಯಿಂದಲೇ ನೀತಿವಂತ ಆಗಬಹುದು ಅನ್ನುವವರನ್ನು ಟ್ರೆಂಟ್ ತನ್ನ ಮೊದಲನೇ ಕಟ್ಟಳೆಯಲ್ಲೇ ಹೊರಗಿಟ್ಟಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಸಭೆ ಈ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವುದೇ ಪುಣ್ಯಕ್ಕಾಗಿ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮ ನಮ್ಮನ್ನು ಸತ್ಕ್ರಿಯೆಗೆ ಸಜ್ಜು ಮಾಡುತ್ತಾನೆ ಅಂತ ಎರಡೂ ಕಡೆಯವರು ಒಪ್ಪಿದರು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಸೇರಿಕೊಂಡವು. ಎಲ್ಲಾ ಜಗಳ ಮುಗಿಯಲಿಲ್ಲ, ಆದರೂ ಸಣ್ಣ ವಿಷಯ ಅಲ್ಲ ಅಲ್ವಾ?

ಕೂಲಿ ವಿಷಯಕ್ಕೆ ಬಂದರೆ, ನಮ್ಮಲ್ಲಿ ಪಾಪನಿವೇದನೆ ಮಾಡಿದರೂ ಬೇರೆಯವರ ಹಣ ಹಿಂದಿರುಗಿಸುವ ಹೊಣೆ ತಪ್ಪುವುದಿಲ್ಲ. ಕ್ಷಮೆ ಸಿಕ್ಕಿತು, ದುಡ್ಡು ನನ್ನ ಹತ್ತಿರವೇ ಇರಲಿ ಅಂತ ಹೇಳಲು ಆಗುವುದಿಲ್ಲ.

ಹೊಸೂರು_ಕನ್ನಡಿಗ:

ತಮಿಳುನಾಡಿನ ಕಡೆಯಿಂದ ನನ್ನದೊಂದು ಮಾತು. ಮೇಷ್ಟ್ರ ಉತ್ತರ ಸರಿಯಾಗಿದೆ, ಆದರೆ ಆ ಸಂಬಂಧಿಕರಿಗೆ ತುಂಬಾ ಮೆತ್ತಗಾಯಿತು. ಯಾಕೋಬ 5:4 ಓದಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಅಂತ ಉಂಟು. ಅದಕ್ಕೂ ಮೊದಲು ಯಾಜಕಕಾಂಡ 19:13ರಲ್ಲಿ ಕೂಲಿಯವನ ಹಣವನ್ನು ಬೆಳಗ್ಗೆವರೆಗೂ ಇಟ್ಟುಕೊಳ್ಳಬೇಡ ಅಂತ ಇದೆ. ಒಂದು ರಾತ್ರಿ! ಇವರು ಎಷ್ಟು ದಿನದಿಂದ ಇಟ್ಟುಕೊಂಡಿದ್ದಾರೋ.

ಕೃಪೆ ಅನ್ನುವುದನ್ನು ಅಗ್ಗ ಮಾಡಿಬಿಟ್ಟಿದ್ದೇವೆ ಅಂತ ಜರ್ಮನಿಯ ಲೂಥರನ್ ಪಾದ್ರಿ ಬೊನ್‌ಹೋಫರ್ 1937ರಲ್ಲೇ ಬರೆದಿದ್ದರು. ನಂಬುವವನೇ ವಿಧೇಯ, ವಿಧೇಯನೇ ನಂಬುವವ ಅನ್ನುವುದು ಅವರ ವಾದ. ಹಿಟ್ಲರನ ವಿರುದ್ಧ ನಿಂತು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ ಮನುಷ್ಯ ಅವರು, ಸುಮ್ನೆ ಕೂತು ಹೇಳಿದ್ದಲ್ಲ. ನಂಬಿಕೆಯೊಂದೇ ಸಾಕು ಅನ್ನುವ ಸಭೆಯ ಒಳಗಿಂದಲೇ ಈ ಮಾತು ಬಂದಿದೆ, ಗಮನಿಸಿ.

ಕುಂಬಳೆ_ತೋಟ:

ಎಲ್ಲರಿಗೂ ಥ್ಯಾಂಕ್ಸ್. ಆದರೆ ನೋಡಿ, ಹೊಸೂರಿನ ಅಣ್ಣ ಹೇಳಿದ್ದನ್ನು ನಾನು ಸಭೆಯಲ್ಲಿ ಓದಿದರೆ ಸಂಬಂಧಿಕರಿಗೆ ಏನೂ ತಾಗುವುದಿಲ್ಲ, ಅಮ್ಮ ಮಾತ್ರ ಇನ್ನೂ ಹೆದರುತ್ತಾರೆ. ಪೆಟ್ಟು ಯಾವಾಗಲೂ ತಪ್ಪು ಜಾಗಕ್ಕೇ ಬೀಳುವುದು. ಬೇಳದ ಅಕ್ಕ "ಕಳೆದೂ ಹೋಗಬಹುದು" ಅಂದದ್ದು ಅವರ ಕಿವಿಗೆ ಬಿದ್ದರೆ ಮುಗಿಯಿತು!

ಬೇಳ_ಇಗರ್ಜಿ_ಹತ್ತಿರ:

ಅಯ್ಯೋ, ಮಾರಕ ಪಾಪ ಅಂದ್ರೆ ಪಕ್ಕದ ಮನೆಯವರ ಮೇಲೆ ಒಮ್ಮೆ ರೇಗಿದ್ದಲ್ಲ. ಅದು ಗಂಭೀರ ವಿಷಯ ಆಗಿರಬೇಕು, ಚೆನ್ನಾಗಿ ಗೊತ್ತಿರಬೇಕು, ಬೇಕಂತಲೇ ಮಾಡಿರಬೇಕು. ಮೂರೂ ಬೇಕು. ನಿಮ್ಮ ಅಮ್ಮನಂಥವರಿಗೆ ನಮ್ಮ ಫಾದರ್‌ಗಳೂ ಸಮಾಧಾನವನ್ನೇ ಹೇಳುತ್ತಾರೆ.

ಮಂಜೇಶ್ವರ_ಮೇಷ್ಟ್ರು:

ಅಮ್ಮನ ಪ್ರಶ್ನೆಯೇ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರನ ಪ್ರಶ್ನೆ. ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಅವನಿಗೆ ಸಮಾಧಾನ ಸಿಗುತ್ತಿರಲಿಲ್ಲ. ಮೆಥಡಿಸ್ಟ್ ಚಳುವಳಿ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿಯೂ ಹಾಗೆಯೇ. ಆಕ್ಸ್‌ಫರ್ಡಿನಲ್ಲಿ ತಾನು ಗಂಟೆ ಗಂಟೆಗೆ ಏನು ಮಾಡಿದೆ ಅಂತ ದಿನಚರಿಯಲ್ಲಿ ಲೆಕ್ಕ ಬರೆಯುತ್ತಿದ್ದ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಯಾರೋ ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದಾಗ ಅವನ ಹೃದಯ ಬೆಚ್ಚಗಾಯಿತಂತೆ, ಕ್ರಿಸ್ತ ನನ್ನ ಪಾಪವನ್ನೂ ತೆಗೆದಿದ್ದಾನೆ ಅನ್ನುವ ಭರವಸೆ ಬಂತಂತೆ. ಆಮೇಲೆ ಶಿಸ್ತು ಬಿಟ್ಟನಾ? ಇಲ್ಲ. ಸಾಯುವವರೆಗೆ ಕುದುರೆ ಮೇಲೆ, ಗಾಡಿಯಲ್ಲಿ ಊರೂರು ಸುತ್ತಿ ಬೋಧಿಸಿದ, ಬಡವರ ನಡುವೆ ಕೆಲಸ ಮಾಡಿದ. ದೇವರು ಸ್ವೀಕರಿಸಲಿ ಅಂತ ಮಾಡುತ್ತಿದ್ದದ್ದನ್ನು ಸ್ವೀಕರಿಸಿದ್ದಾನೆ ಅಂತ ಮಾಡಿದ. ಹೊರಗಿಂದ ನೋಡುವವರಿಗೆ ವ್ಯತ್ಯಾಸ ಕಾಣಲಿಕ್ಕಿಲ್ಲ, ಮಾಡುವವರಿಗೆ ಗೊತ್ತಾಗುತ್ತದೆ.

ಅಮ್ಮನಿಗೆ ಲೂಕ 18ರಲ್ಲಿ ಯೇಸು ಹೇಳಿದ, ದೇವಾಲಯಕ್ಕೆ ಪ್ರಾರ್ಥನೆಗೆ ಬಂದ ಸುಂಕದವನ ಕಥೆ ಓದಿ ಹೇಳಿ. ಅವನ ಹತ್ತಿರ ತೋರಿಸಲು ಒಂದು ಒಳ್ಳೆ ದಿನವೂ ಇರಲಿಲ್ಲ. ಕರುಣಿಸು ಅಂದ, ನೀತಿವಂತನಾಗಿ ಮನೆಗೆ ಹೋದ. ಸಂಬಂಧಿಕರಿಗೆ ಅದರ ಮುಂದಿನ ಅಧ್ಯಾಯ, ಜಕ್ಕಾಯ. ಅವನೂ ಸುಂಕದವನೇ. ಯೇಸು ಮೊದಲು ಅವನ ಮನೆಗೆ ಬರುತ್ತೇನೆ ಅಂದ, ಲೆಕ್ಕ ಚುಕ್ತಾ ಮಾಡಿದರೆ ಬರುತ್ತೇನೆ ಅನ್ನಲಿಲ್ಲ. ಆದರೆ ಬಂದ ಮೇಲೆ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಒಂದರ ಹಿಂದೆ ಒಂದು ಅಧ್ಯಾಯ, ಇಬ್ಬರಿಗೂ ಒಬ್ಬನೇ ಯೇಸು.

ಹೊಸೂರು_ಕನ್ನಡಿಗ:

ಬುಧವಾರ ಜಕ್ಕಾಯನ ಭಾಗವನ್ನು ಆ ಸಂಬಂಧಿಕರ ಕೈಯಲ್ಲೇ ಓದಿಸಿ, ಗಟ್ಟಿಯಾಗಿ 😄

ಮಂಜೇಶ್ವರ_ಮೇಷ್ಟ್ರು:

ಬೇಡ ಬೇಡ. ಮತ್ತಾಯ 18:15. ಮೊದಲು ಅವರೊಬ್ಬರೇ ಇರುವಾಗ ಹೋಗಿ ಮಾತನಾಡಿ. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಿ. ಸಭೆ ಆಮೇಲಿನದ್ದು.

ಕುಂಬಳೆ_ತೋಟ:

ಸರಿ ಮೇಷ್ಟ್ರೇ. ಶನಿವಾರ ಬಟವಾಡೆ, ಅದಕ್ಕಿಂತ ಮೊದಲೇ ಅವರ ಮನೆಗೆ ಹೋಗುತ್ತೇನೆ. ಲೂಕ 18 ಅಮ್ಮನಿಗೆ ಇವತ್ತೇ ಓದಿ ಹೇಳುತ್ತೇನೆ, ಸುಂಕದವನು ಮನೆಗೆ ಹೋದ ಮೇಲೆ ಪುನಃ ಪಾಪ ಮಾಡಿದರೆ ಎಂತ ಅಂತ ಅವರು ಖಂಡಿತ ಕೇಳುತ್ತಾರೆ, ಆಗ ಮತ್ತೆ ಇಲ್ಲಿಗೇ ಬರುತ್ತೇನೆ.