11×16 ಅಡಿ ಕೋಣೆಗೆ ಮೊದಲ ಹೋಂ ಥಿಯೇಟರ್: ಎಷ್ಟು ವ್ಯಾಟ್ ಬೇಕು, ಯಾವ ಸ್ಪೀಕರ್?

ನವನಗರದಾಕೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ಮನೆಯ ಮೇಲೆ ಒಂದು ಕೋಣೆ ಕಟ್ಟಿಸುತ್ತಿದ್ದೇವೆ. 11 ಅಡಿ ಅಗಲ, 16 ಅಡಿ ಉದ್ದ. ಸ್ಲ್ಯಾಬ್ ಬಿದ್ದಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ. ನೆಲಕ್ಕೆ ಇಳಕಲ್ ಗ್ರಾನೈಟೇ ಆಗಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ. 55 ಇಂಚಿನ ಟಿವಿ ಇದೆ. ಸ್ಪೀಕರ್, ಆಂಪ್ಲಿಫೈಯರ್ ಎಲ್ಲ ಸೇರಿ 1 ಲಕ್ಷದೊಳಗೆ ಮುಗಿಯಬೇಕು.

ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಮಾತು ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸುತ್ತಾರೆ. ಅಷ್ಟರಲ್ಲಿ ಫೈಟ್ ಸೀನ್ ಬರುತ್ತದೆ, ಅವ್ವ ಅಡುಗೆಮನೆಯಿಂದ ಕೂಗುತ್ತಾಳೆ. ಅಂಗಡಿಯವರು ಒಂದು ಡಬ್ಬಿ ಸೆಟ್ ತೋರಿಸಿ 1200 ವ್ಯಾಟ್ ಅಂದರು. ಆಂಪ್ಲಿಫೈಯರ್ ಒಳಗೇ ಇರುವ ರಿಸೀವರ್‌ಗಳಲ್ಲಿ ನೋಡಿದರೆ 70, 80 ವ್ಯಾಟ್ ಅಷ್ಟೇ, ದುಡ್ಡು ಮಾತ್ರ ಜಾಸ್ತಿ. ಇದ್ಯಾವ ಲೆಕ್ಕ? 5.1 (ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ಸಾಕಾ, ಮೇಲಿನಿಂದಲೂ ಸದ್ದು ಬರುವ ಅಟ್ಮಾಸ್ ಬೇಕಾ? ನೆಲದ ಮೇಲೆ ನಿಲ್ಲುವ ಉದ್ದ ಸ್ಪೀಕರೋ, ಸಣ್ಣವೋ?

ಬೆಸುಗೆ ಕಡ್ಡಿ (ಬೆಳಗಾವಿ)

ಅಕ್ಕಾವ್ರೆ, ನಾನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ಮೊದಲು ಆ 1200ರ ವಿಷಯ ಮುಗಿಸೋಣ. ಮತ್ತೆ ಅಂಗಡಿಗೆ ಹೋದರೆ ಆ ಸೆಟ್ ಹಿಂದೆ ತಿರುಗಿಸಿ ನೋಡ್ರಿ. 230 ವೋಲ್ಟ್, 50 ಹರ್ಟ್ಜ್ ಅಂತ ಸ್ಟಿಕ್ಕರ್ ಇರುತ್ತದೆ. ಪಕ್ಕದಲ್ಲೇ ಅದು ಪ್ಲಗ್‌ನಿಂದ ಎಷ್ಟು ವ್ಯಾಟ್ ಎಳೆಯುತ್ತದೆ ಅಂತಲೂ ಬರೆದಿರುತ್ತದೆ. ಅಲ್ಲಿ 90 ಅಂತಿದ್ದರೆ ಸ್ಪೀಕರ್‌ಗೆ 1200 ಎಲ್ಲಿಂದ ಬರಬೇಕು? ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ಹಿಡಿದು, ಎಲ್ಲ ಚಾನೆಲ್ ಕೂಡಿಸಿ ಬರೆದ ಅಂಕಿ ಅದು. ಪಿಎಂಪಿಒ ಅಂತ ಕರೆಯುತ್ತಾರೆ. ನೀವು ಕೇಳಬೇಕಾದ್ದು ಆರ್‌ಎಂಎಸ್, ಅಂದರೆ ಬಿಡದೆ ಕೊಡುತ್ತಲೇ ಇರಬಲ್ಲ ವ್ಯಾಟ್.

ರಿಸೀವರ್‌ನಲ್ಲೂ ಸಣ್ಣ ಅಕ್ಷರ ಓದಬೇಕು. "8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 2 ಚಾನೆಲ್" ಅಂತ ಬರೆದು 70 ವ್ಯಾಟ್ ಅಂದಿದ್ದರೆ ನಂಬಿ. "6 ಓಮ್, 1 ಕಿಲೋಹರ್ಟ್ಜ್, 1 ಚಾನೆಲ್, 10% ಡಿಸ್ಟಾರ್ಷನ್" ಅಂತಿದ್ದರೆ ಅಂಕಿ ಎಷ್ಟೇ ದೊಡ್ಡದಿರಲಿ, ಹತ್ತಿರ ಹತ್ತಿರ ಅರ್ಧ ಕಳೆದುಬಿಡಿ.

ಇನ್ನು ನಿಮಗೆ ಎಷ್ಟು ಬೇಕು? ಸ್ಪೀಕರ್‌ಗೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 87 ಡೆಸಿಬಲ್ ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ನೀವು 10 ಅಡಿ ದೂರ ಕೂರುತ್ತೀರಿ ಅಂದುಕೊಳ್ಳೋಣ, ಅಂದರೆ 3 ಮೀಟರ್. ಅಲ್ಲಿಗೆ ಬರುವಾಗ 9, 10 ಡೆಸಿಬಲ್ ಇಳಿಯುತ್ತದೆ. ಉಳಿದದ್ದು 77. ನಾವು ಮಾತಾಡುವುದು ಸುಮಾರು 60. ಅಂದರೆ ಬರೀ 1 ವ್ಯಾಟ್‌ನಲ್ಲೇ ಅವ್ವ ಕೂಗುವ ಮಟ್ಟ ಬಂತು! 10 ವ್ಯಾಟ್‌ಗೆ 87, 80 ವ್ಯಾಟ್‌ಗೆ 96. ವ್ಯಾಟ್ ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬಲ್ ಅಷ್ಟೇ. ಅದೇ 84ರ ಸ್ಪೀಕರ್ ಬಿಟ್ಟು 90ರದ್ದು ತಂದರೆ 50 ವ್ಯಾಟ್ ಆಂಪ್ಲಿಫೈಯರ್ 200ರ ಕೆಲಸ ಮಾಡುತ್ತದೆ. ಹಾಗಾಗಿ ದುಡ್ಡು ವ್ಯಾಟ್‌ಗೆ ಬೇಡ, ಸ್ಪೀಕರ್‌ಗೆ ಹಾಕಿ.

ಅಪ್ಪನ ವಿಷಯಕ್ಕೆ ಮದ್ದು ಸೆಂಟರ್ ಸ್ಪೀಕರ್. 5.1ರಲ್ಲಿ ಮಾತೆಲ್ಲ ಬಹುಪಾಲು ಸೆಂಟರ್‌ನಿಂದಲೇ ಬರುತ್ತದೆ. ರಿಸೀವರ್‌ನಲ್ಲಿ ಸೆಂಟರ್ ಒಂದನ್ನೇ 2, 3 ಡೆಸಿಬಲ್ ಏರಿಸಬಹುದು, ಫೈಟ್ ಸದ್ದು ಇದ್ದಲ್ಲೇ ಇರುತ್ತದೆ. ನೈಟ್ ಮೋಡ್ ಹಾಕಿದರೆ ಜೋರು ಸದ್ದು ತಗ್ಗುತ್ತದೆ, ಮೆಲ್ಲಗಿನದು ಏರುತ್ತದೆ. ಸೆಂಟರ್ ಅನ್ನು ಟಿವಿ ಕೆಳಗಿನ ಗೂಡಿನೊಳಗೆ ತಳ್ಳಬೇಡಿ. ಮುಂದಿನ ಅಂಚಿಗೆ ತನ್ನಿ. ಹಳೇ ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ ಅದರ ಮುಂಭಾಗದ ಕೆಳಗೆ ಇಡಿ. ಮೂತಿ ಮೇಲಕ್ಕೆ ಆಗಿ ಸದ್ದು ನೇರ ಅಪ್ಪನ ಕಿವಿಗೆ ಹೋಗುತ್ತದೆ, ಮೊಣಕಾಲಿಗಲ್ಲ.

ಆ ಲಕ್ಷ ನನ್ನ ಕೈಗೆ ಕೊಟ್ಟರೆ ಮುಂದಿನ ಮೂರು ಸ್ಪೀಕರ್‌ಗೆ 45 ಸಾವಿರ, ರಿಸೀವರ್‌ಗೆ 35, ಸಬ್‌ವೂಫರ್‌ಗೆ 20 ಹಾಕುತ್ತೇನೆ. ಹಿಂದಿನ ಎರಡು ಸ್ಪೀಕರ್ ಮುಂದಿನ ದೀಪಾವಳಿಗೆ. ಉದ್ದ ಸ್ಪೀಕರ್ ಈ ಕೋಣೆಗೆ ಬೇಡ. ಸಣ್ಣವು ಸಾಕು, 80 ಹರ್ಟ್ಜ್ ಕೆಳಗಿನದ್ದನ್ನು ಸಬ್ ನೋಡಿಕೊಳ್ಳುತ್ತದೆ. ಮೂರೂ ಒಂದೇ ಕಂಪನಿಯ ಒಂದೇ ಸಾಲಿನವು ಇರಲಿ. ಅಟ್ಮಾಸ್ ಈಗ ಬಿಡಿ.

ಗುಮ್ಮಟದ ನೆರಳು (ವಿಜಯಪುರ)

ಬೆಸುಗೆ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಇಳಕಲ್ ಗ್ರಾನೈಟ್ ನೆಲ, ಬೋಳು ಗೋಡೆ, ಮೇಲೆ ಸ್ಲ್ಯಾಬ್. ಇದನ್ನು ಯಾರೂ ಮಾತಾಡಲೇ ಇಲ್ಲವಲ್ಲ! ನಮ್ಮ ಗೋಳಗುಮ್ಮಟದಲ್ಲಿ ಪಿಸುಮಾತು ಆಚೆ ಬದಿಗೆ ಕೇಳುತ್ತದೆ ಅಂತ ಊರೆಲ್ಲ ಹೊಗಳುತ್ತದೆ. ಅದೇ ಗುಮ್ಮಟದಲ್ಲಿ ಸಿನಿಮಾ ಹಾಕಿದರೆ ಒಂದು ಡೈಲಾಗೂ ತಿಳಿಯುವುದಿಲ್ಲ. ಟಿವಿ ಮತ್ತು ಸೋಫಾ ನಡುವೆ ದಪ್ಪ ಜಮಖಾನ ಹಾಸಿ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದೇ ಇರುತ್ತದಲ್ಲ, ಅದನ್ನು ಹಿಂದಿನ ಗೋಡೆಗೆ ಇಳಿಬಿಡಿ. ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ಕೋಲಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನೊಂದು. ಅಪ್ಪನಿಗೆ ಮಾತು ಕೇಳಿಸಿದರೆ ಸಾಕು ಅಂದರೆ ಇಷ್ಟೆಲ್ಲ ಯಾಕೆ? ಟಿವಿ ಕೆಳಗೆ ಇಡುವ ಒಂದೇ ಉದ್ದ ಸ್ಪೀಕರ್, 3.1 ಸೌಂಡ್‌ಬಾರ್‌ನಲ್ಲೂ ಪ್ರತ್ಯೇಕ ಸೆಂಟರ್ ಇರುತ್ತದೆ. ಅರ್ಧ ದುಡ್ಡು ಉಳಿಯುತ್ತದೆ.

ಬೆಸುಗೆ ಕಡ್ಡಿ

ಕೌದಿ ಮಾತು ಒಪ್ಪಿದೆ ಅಣ್ಣಾ. ಮಾತಿನ ಗೋಜಲು ಅದರಿಂದ ತಗ್ಗುತ್ತದೆ. ಬೇಸ್‌ಗೆ ಕೌದಿ ಲೆಕ್ಕಕ್ಕಿಲ್ಲ. 16 ಅಡಿ ಉದ್ದದ ಕೋಣೆ 35 ಹರ್ಟ್ಜ್ ಹತ್ತಿರ ಗುಂಯ್‌ಗುಡುತ್ತದೆ. ಸರಿ ನಡುವೆ, 8 ಅಡಿಯಲ್ಲಿ ಕೂತರೆ ಆ ಸದ್ದು ಮಾಯ. ಹಿಂದಿನ ಗೋಡೆಗೆ ಒರಗಿ ಕೂತರೆ ಹೊಟ್ಟೆ ನಡುಗುತ್ತದೆ. ಅದಕ್ಕೇ 10 ಅಡಿ ಅಂದೆ.

ಸೌಂಡ್‌ಬಾರ್ ಮಾತ್ರ ಒಪ್ಪಲ್ಲ. ಬೋರ್ಡ್ ಹೋದರೆ ಪೂರ್ತಿ ಬಾರ್ ಹೋಯಿತು, ಬಿಡಿಭಾಗ ಸಿಗುವುದಿಲ್ಲ. ರಿಸೀವರ್ ಕೆಟ್ಟರೂ ಸ್ಪೀಕರ್ ಉಳಿಯುತ್ತವೆ. ನನ್ನ ಬೆಂಚಿಗೆ ಬರುವ ರಿಸೀವರ್‌ಗಳೂ ವ್ಯಾಟ್ ಸಾಲದೆ ಸತ್ತವಲ್ಲ. ಒಂದು ಕಾರಣ ಬಿಸಿ. ಗಾಜಿನ ಬಾಗಿಲ ಶೋಕೇಸ್‌ನಲ್ಲಿಟ್ಟು ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟಿರುತ್ತಾರೆ. ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಒಳಗೆ ಏನಾಗಬೇಕು! ಮೇಲೆ ಅರ್ಧ ಅಡಿ ಖಾಲಿ ಬಿಡಿ. ಇನ್ನೊಂದು ಕಾರಣ ವೈರ್‌ನ ಎಳೆ. ವೈರ್ ಸುಲಿದು ಸಿಕ್ಕಿಸುವಾಗ ಕೂದಲಿನಷ್ಟು ಸಣ್ಣ ಒಂದು ತಾಮ್ರದ ಎಳೆ ಹೊರಗೆ ಉಳಿದು, ಕೆಂಪು ಟರ್ಮಿನಲ್‌ನಿಂದ ಕಪ್ಪಿಗೆ ತಾಗಿರುತ್ತದೆ. ಔಟ್‌ಪುಟ್ ಸುಡಲು ಅಷ್ಟು ಸಾಕು. ಎಳೆಗಳನ್ನು ಬಿಗಿಯಾಗಿ ಹೊಸೆದು, ತುದಿಗೆ ಬನಾನಾ ಪ್ಲಗ್ (ಟರ್ಮಿನಲ್‌ಗೆ ಸಿಕ್ಕಿಸುವ ಪಿನ್) ಹಾಕಿ. (ಮೂರನೇ ಕಾರಣ ಹಲ್ಲಿ. ಬೆಚ್ಚಗಿರುತ್ತದೆ ಅಂತ ಒಳಗೆ ಸೇರುತ್ತವೆ. ಅದಕ್ಕೆ ನನ್ನ ಬಳಿ ಉಪಾಯ ಇಲ್ಲ.)

ನವನಗರದಾಕೆ

ಅಣ್ಣಾವ್ರೆ, ತುಂಬಾ ಉಪಕಾರ ಆಯ್ತು. ಕೌದಿ ಗೋಡೆಗೆ ಅಂದಿದ್ದಕ್ಕೆ ಅವ್ವ ನಗುತ್ತಿದ್ದಾಳೆ, ಆದರೆ ಕೊಡುತ್ತಾಳೆ. ಸೌಂಡ್‌ಬಾರ್ ಬೇಡ, ರಿಸೀವರೇ ಇರಲಿ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ. ಹಿಂದಿನ ಸ್ಪೀಕರ್‌ಗೆ ಪೈಪ್ ಎಲ್ಲಿಗೆ ಬಿಡಿಸಲಿ? ಯಾವ ವೈರ್? ಸ್ಪೀಕರ್ ವೈರ್ ಅಂತ ಆನ್‌ಲೈನ್‌ನಲ್ಲಿ ಮೀಟರ್‌ಗೆ ಬಂಗಾರದ ರೇಟ್ ಹೇಳುತ್ತಿದ್ದಾರೆ.

ಎರಡು ಕಿವಿ (ಹುಬ್ಬಳ್ಳಿ)

ನಡುವೆ ಬಾಯಿ ಹಾಕುತ್ತೇನೆ. ಸೆಟ್ ಬಂದ ಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ನೋಡಿ. ಅದು ಪಿಸಿಎಂ ಅಂತಿದ್ದರೆ ಎಆರ್‌ಸಿ (ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ಎಚ್‌ಡಿಎಂಐ ದಾರಿ) ಮೂಲಕ ಎರಡೇ ಚಾನೆಲ್ ಹೋಗುತ್ತದೆ. ಆಟೋ ಅಥವಾ ಬಿಟ್‌ಸ್ಟ್ರೀಮ್ ಮಾಡಿ. ಎಷ್ಟೋ ಮನೆಯಲ್ಲಿ 5.1 ತಂದು ವರ್ಷಗಟ್ಟಲೆ ಸ್ಟೀರಿಯೊ ಕೇಳುತ್ತಿರುತ್ತಾರೆ.

ಬೆಸುಗೆ ಕಡ್ಡಿ

ಟಿವಿ ಗೋಡೆಯಿಂದ 12 ಅಡಿ ದೂರಕ್ಕೆ, ಎರಡೂ ಪಕ್ಕದ ಗೋಡೆಯಲ್ಲಿ, ನೆಲದಿಂದ 5 ಅಡಿ ಎತ್ತರಕ್ಕೆ ಒಂದೊಂದು ಬಾಕ್ಸ್. ಸೋಫಾಗಿಂತ ಎರಡು ಅಡಿ ಹಿಂದೆ ಬೀಳುತ್ತದೆ. ವೈರ್‌ಗೆ ಬಂಗಾರ ಬೇಡ. ಮನೆಗೆ ಹಾಕುವ 2.5 ಚದರ ಮಿಲಿಮೀಟರ್ ತಾಮ್ರದ ಫ್ಲೆಕ್ಸಿಬಲ್ ವೈರೇ ಸಾಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ, ಅದು ಬೇಡ. ಕರೆಂಟ್ ವೈರ್ ಇರುವ ಪೈಪ್‌ನಲ್ಲಿ ಇದನ್ನು ಸೇರಿಸಬಾರದು, ಬೇರೆ ಪೈಪ್, 1 ಇಂಚು. ಸಬ್‌ಗೆ ಮುಂದಿನ ಮೂಲೆಗೊಂದು, ಪಕ್ಕದ ಗೋಡೆಯ ನಡುವೆ ಒಂದು ಪಾಯಿಂಟ್ ಬಿಡಿಸಿ. ಎಲ್ಲಿ ಚೆನ್ನಾಗಿ ಕೇಳುತ್ತದೋ ಆಮೇಲೆ ನೋಡಿ ಇಡಬಹುದು. ತಿರುವಿನಲ್ಲಿ ಎಲ್ಬೋ ಹಾಕಬೇಡಿ, ಉದ್ದ ಬೆಂಡ್ ಹಾಕಲು ಹೇಳಿ. ಪ್ರತಿ ಪೈಪ್‌ನಲ್ಲೂ ಒಂದು ನೈಲಾನ್ ದಾರ ಎಳೆದು ಬಿಡಲಿ. ಪ್ಲಾಸ್ಟರ್‌ನವರು ಬರುವ ಮುಂಚೆ ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ.