ನಾಗ್ಗಿನ್ ಬರೀ ತಡೆಯೋ ಪ್ರೋಟೀನ್ ಆದ್ರೆ ಮೆದುಳು ಆಗೋದು ಹೇಗೆ?

ಎಂಎಸ್ಸಿ_ಓದುಗಿ:
ಎರಡು ದಿನದಿಂದ ಇಲ್ಲೇ ಸಿಕ್ಕಾಕ್ಕೊಂಡಿದೀನಿ. ನಾಗ್ಗಿನ್, ಕಾರ್ಡಿನ್ ಎರಡೂ ಜೀವಕೋಶ ಹೊರಗೆ ಸುರಿಸೋ ಪ್ರೋಟೀನ್, ಭ್ರೂಣದಲ್ಲಿ ಮೆದುಳು ಆಗೋಕೆ ಇವು ಬೇಕೇ ಬೇಕು ಅಂತಾರೆ, ಆದ್ರೆ ಇವು ಮಾಡೋ ಕೆಲ್ಸ ನೋಡಿದ್ರೆ ಬಿಎಂಪಿ ಅನ್ನೋ ಸಿಗ್ನಲ್ ಪ್ರೋಟೀನ್‌ನ ಹಿಡ್ಕೊಂಡು ಅದು ಕೋಶದ ಮೇಲಿರೋ ರಿಸೆಪ್ಟರ್ (ಸಿಗ್ನಲ್ ಹಿಡಿಯೋ ಪ್ರೋಟೀನ್) ಮುಟ್ಟದ ಹಾಗೆ ನೋಡ್ಕೊಳ್ಳೋದು ಅಷ್ಟೇ. ಹಾಗಾದ್ರೆ ಕೋಶಕ್ಕೆ "ನೀನು ನರ ಆಗು" ಅಂತ ಹೇಳೋರ್ಯಾರು?

ಕಪ್ಪೆಮೊಟ್ಟೆ:
ಯಾರೂ ಹೇಳ್ಬೇಕಿಲ್ಲ, ಅದೇ ಇದ್ರಲ್ಲಿರೋ ಚಂದ! ಕಪ್ಪೆ ಭ್ರೂಣದ ಹೊರಪದರದ ಕೋಶನ ಅದರ ಪಾಡಿಗೆ ಬಿಟ್ರೆ ನರದ ಕಡೆಗೇ ಹೋಗುತ್ತೆ, ಚರ್ಮ ಆಗು ಅಂತ ಒತ್ತಾಯ ಮಾಡೋದು ಬಿಎಂಪಿ. 1989ರಲ್ಲೇ ಆ ಕೋಶಗಳನ್ನ ಒಂದೊಂದಾಗಿ ಬಿಡಿಸಿ ಕೆಲವು ಗಂಟೆ ಇಟ್ಟು ನೋಡಿದ್ರು, ಏನೂ ಹಾಕದೇನೇ ನರದ ಗುರುತು ಬಂತು, ಯಾಕಂದ್ರೆ ಸುತ್ತ ಇದ್ದ ಸಿಗ್ನಲ್ ನೀರಲ್ಲಿ ತೆಳುವಾಗಿ ಹೋಯ್ತು.

ಕಥೆ ಶುರು ಆಗೋದು 1924ರಲ್ಲಿ. ಜರ್ಮನಿಯ ಭ್ರೂಣವಿಜ್ಞಾನಿಗಳಾದ ಸ್ಪೀಮನ್ ಮತ್ತು ಹಿಲ್ಡೆ ಮಾಂಗೋಲ್ಡ್ ನ್ಯೂಟ್ (ಬಾಲ ಇರೋ ಒಂದು ಉಭಯಚರ) ಭ್ರೂಣದ ಒಂದು ಚೂರು ತೆಗೆದು ಇನ್ನೊಂದರ ಹೊಟ್ಟೆ ಕಡೆ ಕಸಿ ಮಾಡಿದ್ರು, ಅಲ್ಲೇ ಎರಡನೇ ನರಮಂಡಲ ಬೆಳೀತು, ಅದೂ ಬಹುಪಾಲು ಕಸಿ ಮಾಡಿಸ್ಕೊಂಡ ಭ್ರೂಣದ ಕೋಶಗಳಿಂದ್ಲೇ! ಮಾಂಗೋಲ್ಡ್ ಅದೇ ವರ್ಷ, 25ನೇ ವಯಸ್ಸಲ್ಲೇ ತೀರಿಕೊಂಡ್ರು, 1935ರ ನೊಬೆಲ್ ಸ್ಪೀಮನ್‌ಗೆ ಮಾತ್ರ ಬಂತು, ನನಗೆ ಇವತ್ತಿಗೂ ಇದು ಸಂಕಟದ ವಿಷ್ಯ. ಆ ಚೂರಿಂದ "ನರ ಆಗು" ಅನ್ನೋ ವಸ್ತು ಬರುತ್ತೆ ಅಂತ ಎಷ್ಟೋ ದಶಕ ಹುಡುಕಿದ್ರು. 1992ರಲ್ಲಿ ನಾಗ್ಗಿನ್, 1994ರಲ್ಲಿ ಕಾರ್ಡಿನ್ ಸಿಕ್ತು, 1996ರಲ್ಲಿ ನೋಡಿದ್ರೆ ಎರಡೂ ಬಿಎಂಪಿಗೆ ಬಿಗಿಯಾಗಿ ಅಂಟ್ಕೊಳ್ಳೋವು.

ಕೋಳಿಮರಿ:
ಒಂದು ತಿದ್ದುಪಡಿ. ಕೋಳಿ ಭ್ರೂಣದಲ್ಲಿ ಬಿಎಂಪಿ ತಡೆದ್ರೆ ಸಾಲಲ್ಲ, ಅದಕ್ಕೆ ಮುಂಚೆ ಎಫ್‌ಜಿಎಫ್ ಅನ್ನೋ ಇನ್ನೊಂದು ಪ್ರೋಟೀನ್‌ನ ಸಿಗ್ನಲ್ ಬೇಕು. ಪರೀಕ್ಷೇಲಿ "ತಡೆದ್ರೆ ಸಾಕು" ಅಂತ ಬರೀಬೇಡಿ.

ಎಂಎಸ್ಸಿ_ಓದುಗಿ:
ಈಗ ಅರ್ಥ ಆಯ್ತು, ಥ್ಯಾಂಕ್ಸ್! ಮತ್ತೆ ಹಿಡ್ಕೊಂಡ ಬಿಎಂಪಿ ಆಮೇಲೆ ಬಿಡುಗಡೆ ಆಗಲ್ವಾ?

ಕಪ್ಪೆಮೊಟ್ಟೆ:
ಕಾರ್ಡಿನ್ ವಿಷ್ಯದಲ್ಲಿ ಆಗುತ್ತೆ. ಟಾಲಾಯ್ಡ್ ಅಂತ ಒಂದು ಕಿಣ್ವ ಕಾರ್ಡಿನ್‌ನ ಕತ್ತರಿಸುತ್ತೆ, ಒಳಗಿದ್ದ ಬಿಎಂಪಿ ಮತ್ತೆ ಕೆಲ್ಸಕ್ಕೆ ಬರುತ್ತೆ, ಹಾಗಾಗಿ ಬೆನ್ನಿಂದ ಹೊಟ್ಟೆವರೆಗೆ ಬಿಎಂಪಿ ಹಂತಹಂತವಾಗಿ ಜಾಸ್ತಿ ಆಗ್ತಾ ಹೋಗುತ್ತೆ.

ಬೆರಳುಗಂಟು:
ನಾಗ್ಗಿನ್ ಕೆಲ್ಸ ಮೆದುಳಿಗೇ ಮುಗಿಯಲ್ಲ. ಇಲಿಮರೀಲಿ ಅದನ್ನ ಪೂರ್ತಿ ತೆಗೆದ್ರೆ ಕಾರ್ಟಿಲೇಜ್ ವಿಪರೀತ ಬೆಳೆದು ಕೀಲುಗಳೇ ಆಗಲ್ಲ. ಮನುಷ್ಯರಲ್ಲಿ ಆ ಜೀನ್‌ನ ಒಂದು ಪ್ರತಿ ಕೆಟ್ರೂ ಕೆಲವು ಕುಟುಂಬಗಳಲ್ಲಿ ಬೆರಳಿನ ಕೀಲು ಬೆಸೆದುಹೋಗುತ್ತೆ, ಕಿವಿಯೊಳಗಿನ ಸ್ಟೇಪಿಸ್ ಮೂಳೆ ಅಲ್ಲಾಡದೆ ಕೇಳಿಸೋದು ಕಮ್ಮಿ ಆಗುತ್ತೆ. ಕಿವಿ ಸರಿ ಕೇಳದವರು ಬಂದಾಗ ಅವರ ಬೆರಳು ಮಡಚುತ್ತಾ ಅಂತಲೂ ನೋಡಿ.